ಗದ್ದೆಗೆ ‘ಸೀವೀಡ್’ ಹೊಡೆಯುವ ಮುನ್ನ: ಮಂಡ್ಯ ಸೀಮೆಯ ರೈತರಿಗೊಂದು ಮಾರ್ಗದರ್ಶಿ

ನಾಲೆಗೆ ನೀರು ಬಿಟ್ಟು ನಾಟಿ ಮುಗಿಯುವ ಹೊತ್ತಿಗೆ ಮದ್ದೂರು, ಪಾಂಡವಪುರ, ಮಳವಳ್ಳಿಯ ಗೊಬ್ಬರದ ಅಂಗಡಿಗಳಲ್ಲಿ ಯೂರಿಯಾ ಮೂಟೆಗಳು ಹಿಂದಕ್ಕೆ ಸರಿದು ಟಾನಿಕ್ ಡಬ್ಬಗಳು ಮುಂದಕ್ಕೆ ಬರುತ್ತವೆ. ಅವುಗಳಲ್ಲಿ ಈಚೆಗೆ ಹೆಚ್ಚು ಕೈಬದಲಾಗುತ್ತಿರುವುದು ‘ಸೀವೀಡ್’, ಅಂದರೆ ಕಡಲಕಳೆಯ ದ್ರಾವಣ. ಸಮುದ್ರದಿಂದ ಬಹು ದೂರದಲ್ಲಿ, ಕಾವೇರಿ ನೀರು ಕುಡಿದು ಬೆಳೆಯುವ ಭತ್ತ ಕಬ್ಬಿಗೆ ಕಡಲ ಪಾಚಿಯ ರಸ ಬಂದು ಸೇರುತ್ತಿದೆ. ಇದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು “ಇದೊಂದು ಹೊಡೆಯಿರಿ ಅಣ್ಣಾ, ಯೂರಿಯಾ ಅರ್ಧ ಸಾಕು” ಎಂಬ ಮಾತಿನಲ್ಲಿ.

ಕಡಲಕಳೆಯ ದ್ರಾವಣ ಗೊಬ್ಬರವಲ್ಲ ಎನ್ನುವುದಕ್ಕೆ ಒಂದು ಲೆಕ್ಕ ಸಾಕು. ಡಬ್ಬದಲ್ಲಿ ಶೇ 5ರಷ್ಟು ಪೊಟ್ಯಾಷ್ ಇದೆ ಎಂದೇ ಇಟ್ಟುಕೊಳ್ಳೋಣ. ಎಕರೆಗೆ ಅರ್ಧ ಲೀಟರ್ ಹೊಡೆದರೆ ಬೆಳೆಗೆ ಸಿಗುವುದು 25 ಗ್ರಾಂ. ಐವತ್ತು ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಮೂಟೆಯಲ್ಲಿರುವುದು 30 ಕಿಲೋ. ಸಾರಜನಕದ ಕಥೆಯೂ ಹೀಗೆಯೇ. ಹಾಗಾದರೆ ಈ ದ್ರಾವಣ ಮಾಡುವ ಕೆಲಸ ಯಾವುದು, ನಮ್ಮ ಹೊಲದಲ್ಲಿ ಮಾಡುತ್ತಿದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಈ ಬರಹ ಇರುವುದು ಅದಕ್ಕಾಗಿ.

ಡಬ್ಬದೊಳಗೆ ಯಾವ ಕಳೆ?

ಕಡಲಕಳೆ ಎಂದರೆ ಒಂದೇ ಗಿಡವಲ್ಲ. ಭಾರತದ ಕರಾವಳಿಯಲ್ಲೇ ಎಂಟುನೂರಕ್ಕೂ ಹೆಚ್ಚು ಜಾತಿಗಳು ದಾಖಲಾಗಿವೆ. ಬಣ್ಣದ ಮೇಲೆ ಹಸಿರು, ಕಂದು, ಕೆಂಪು ಎಂದು ಮೂರು ಗುಂಪು. ಈ ಮೂರೂ ಒಂದೇ ವಂಶದ ಅಣ್ಣತಮ್ಮಂದಿರೂ ಅಲ್ಲ; ಕಂದು ಗುಂಪು ನಮ್ಮ ಗದ್ದೆಯ ಗಿಡಗಳಿಂದ ಬಹುದೂರದ ಕವಲು.

ಕಾರವಾರ, ಗೋಕರ್ಣ, ಭಟ್ಕಳ, ಕಾಪು, ಸೋಮೇಶ್ವರದ ಬಂಡೆಗಳ ಮೇಲೆ ಇಳಿತದ ಹೊತ್ತಿನಲ್ಲಿ ನೋಡಿದರೆ ಮೂರೂ ಗುಂಪು ಕಣ್ಣಿಗೆ ಬೀಳುತ್ತವೆ. ಮೇಲ್ಭಾಗದ ಬಂಡೆಯಲ್ಲಿ ತೆಳ್ಳಗೆ ಪ್ಲಾಸ್ಟಿಕ್ ಹಾಳೆಯಂತೆ ಅಂಟಿಕೊಂಡ ಹಸಿರು ಉಲ್ವಾ. ಸ್ವಲ್ಪ ಕೆಳಗೆ ಬೀಸಣಿಗೆಯಾಕಾರದ ಪಡೀನಾ: ಅಂಚು ಒಳಕ್ಕೆ ಸುರುಳಿಯಾಗಿರುತ್ತದೆ, ಮೈಮೇಲೆ ಅರ್ಧಚಂದ್ರದ ಗೆರೆಗಳಿರುತ್ತವೆ, ಸುಣ್ಣ ಕೂಡಿಕೊಳ್ಳುವುದರಿಂದ ಒಣಗಿದಾಗ ಬಿಳಿಚಿಕೊಳ್ಳುತ್ತದೆ. ಅದರ ಆಚೆ ಕಂದು ಸರ್ಗ್ಯಾಸಮ್; ಕೊಂಬೆಗಳಲ್ಲಿ ಮೆಣಸಿನ ಕಾಳಿನ ಗಾತ್ರದ ಗಾಳಿಗುಳ್ಳೆಗಳಿದ್ದು ಗಿಡವನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತವೆ. ಬಂಡೆಯ ಸಂದಿಯಲ್ಲಿ, ನೆರಳಿನಲ್ಲಿ ಕೆಂಪು ಗ್ರಾಸಿಲೇರಿಯಾ, ಹಿಪ್ನಿಯಾ.

ಇವಕ್ಕೆ ಬೇರಿಲ್ಲ. ಬುಡದಲ್ಲಿರುವ ಹಿಡಿಕೆಯ ಕೆಲಸ ಬಂಡೆಯನ್ನು ಕಚ್ಚಿಕೊಳ್ಳುವುದಷ್ಟೇ. ಆಹಾರ ಹೀರುವುದು ಇಡೀ ಮೈ. ಇದರಿಂದ ನಮಗೆ ಎರಡು ಮಾತು ಹುಟ್ಟುತ್ತವೆ. ಒಂದು, ಸುತ್ತಲಿನ ನೀರಿನಲ್ಲಿ ಏನಿದೆಯೋ ಅದು ಕಳೆಯ ಮೈಯಲ್ಲಿಯೂ ಇರುತ್ತದೆ. ಒಳ್ಳೆಯ ಖನಿಜವೂ ಇರಬಹುದು, ಕೊಳಕು ನೀರಿನ ಸೀಸ, ಆರ್ಸೆನಿಕ್ ಕೂಡ ಇರಬಹುದು. ಆದ್ದರಿಂದ ಕಳೆ ಎಲ್ಲಿಯದು ಎಂಬ ಪ್ರಶ್ನೆ ಮುಖ್ಯ. ಎರಡು, ದಿನಕ್ಕೆರಡು ಸಲ ನೀರಿನಿಂದ ಹೊರಬಿದ್ದು ಬಿಸಿಲಲ್ಲಿ ಒಣಗಿ, ಮತ್ತೆ ಉಪ್ಪುನೀರಿನಲ್ಲಿ ಮುಳುಗುವ ಬದುಕು ಇವುಗಳದು. ಅದನ್ನು ತಾಳಿಕೊಳ್ಳಲು ಬೇಕಾದ ರಾಸಾಯನಿಕಗಳನ್ನು ತಾವೇ ತಯಾರಿಸಿಕೊಳ್ಳುತ್ತವೆ. ದ್ರಾವಣದಲ್ಲಿ ಅಲ್ಪ ಪ್ರಮಾಣದಲ್ಲಿ ಸಿಗುವ ಬೀಟೈನ್‌ಗಳು, ಆಕ್ಸಿನ್, ಸೈಟೊಕೈನಿನ್‌ನಂಥ ಬೆಳವಣಿಗೆಯ ಚೋದಕಗಳು, ಕಳೆಯದೇ ಆದ ಸಕ್ಕರೆ ಸರಪಳಿಗಳು, ಇವೇ ಅದರ ನಿಜವಾದ ಸರಕು. ಗಿಡಕ್ಕೆ ಊಟ ಹಾಕುವುದಕ್ಕಿಂತ, ಇದ್ದ ಊಟವನ್ನು ಅರಗಿಸಿಕೊಳ್ಳಲು ಮತ್ತು ಕಷ್ಟಕಾಲ ತಾಳಿಕೊಳ್ಳಲು ಅವು ನೆರವಾಗುತ್ತವೆ.

ನಮ್ಮ ಅಂಗಡಿಗಳಲ್ಲಿ ಮುಖ್ಯವಾಗಿ ಸಿಗುವುದು ಎರಡು ಬಗೆ. ಕಂದು ಬಣ್ಣದ ದ್ರವ ಬಹುಮಟ್ಟಿಗೆ ಕಪ್ಪಾಫೈಕಸ್ ಅಲ್ವರೇಜಿ ಎಂಬ ಕೆಂಪು ಕಳೆಯದು. ತಮಿಳುನಾಡಿನ ರಾಮನಾಥಪುರದ ಕಡಲಲ್ಲಿ ಬೆಳೆದದ್ದು. ಕಪ್ಪಗೆ ಹೊಳೆಯುವ ಚೂರು ಅಥವಾ ಪುಡಿಯಾಗಿ ಸಿಗುವುದು ಹೆಚ್ಚಾಗಿ ಆಸ್ಕೊಫಿಲ್ಲಮ್ ನೊಡೋಸಮ್ ಎಂಬ ಕಂದು ಕಳೆ. ಅದು ಕೆನಡಾ, ನಾರ್ವೆ ಕಡೆಯ ತಣ್ಣನೆಯ ಸಮುದ್ರದ್ದು, ನಮ್ಮ ಉಷ್ಣವಲಯದ ಕಡಲಿನಲ್ಲಿ ಬೆಳೆಯುವುದೇ ಇಲ್ಲ. ಎರಡರ ರಸಾಯನ ಬೇರೆ, ತಯಾರಿಸುವ ವಿಧಾನ ಬೇರೆ. ಒಂದಕ್ಕೆ ಹೇಳಿದ ಪ್ರಮಾಣ ಇನ್ನೊಂದಕ್ಕೆ ನಡೆಯದು.

ಕಡಲಿನಿಂದ ಡಬ್ಬದವರೆಗೆ

ರಾಮನಾಥಪುರ ಕಡಲತೀರದ ಮಂಡಪಂ, ಪಾಂಬನ್ ಸುತ್ತಲಿನ ಹೆಂಗಸರು ತಲೆಮಾರುಗಳಿಂದ ಕಳೆ ಕಿತ್ತು ಬದುಕಿದವರು. ಕಣ್ಣಿಗೆ ಕನ್ನಡಕ, ಬಂಡೆಯ ಅಂಚು ಕೊಯ್ಯದಂತೆ ಬೆರಳಿಗೆ ಬಟ್ಟೆಚೂರು ಸುತ್ತಿಕೊಂಡು, ಉಸಿರು ಬಿಗಿಹಿಡಿದು ಮುಳುಗಿ ಕಳೆ ಕೀಳುವ ಕೆಲಸ ಅದು. ಜೆಲಿಡಿಯೆಲ್ಲಾ ಮತ್ತು ಗ್ರಾಸಿಲೇರಿಯಾ ಅಗರ್ ಕಾರ್ಖಾನೆಗೆ, ಸರ್ಗ್ಯಾಸಮ್ ಮತ್ತು ಟರ್ಬಿನೇರಿಯಾ ಆಲ್ಜಿನೇಟ್ ಕಾರ್ಖಾನೆಗೆ; ಅಗರ್, ಆಲ್ಜಿನೇಟ್ ಎರಡೂ ಕಳೆಯಿಂದ ತೆಗೆಯುವ ಲೋಳೆಪದಾರ್ಥಗಳು. ಮನ್ನಾರ್ ಕೊಲ್ಲಿಯ 21 ದ್ವೀಪಗಳು 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವಾದ ಮೇಲೆ ಅಲ್ಲಿಗೆ ಹೋಗುವುದಕ್ಕೆ ಕಟ್ಟುಪಾಡು ಬಂತು. ನಿಧಾನವಾಗಿ ಬೆಳೆಯುವ ಜೆಲಿಡಿಯೆಲ್ಲಾವನ್ನು ಹಿಡಿಕೆ ಸಮೇತ ಕಿತ್ತರೆ ಅದೇ ಜಾಗದಲ್ಲಿ ಬೇಗ ಮರಳಿ ಬರುವುದಿಲ್ಲ. ಅದರ ನೆರಳಿನಲ್ಲಿದ್ದ ಮರಿಮೀನು, ಏಡಿ, ಸಿಗಡಿಗೂ ಮನೆ ಹೋಯಿತು.

ಕಪ್ಪಾಫೈಕಸ್ ಬಂದದ್ದು ಇಂಥ ಕಡೆಗೆ. ಫಿಲಿಪೀನ್ಸ್ ಮೂಲದ ಈ ಕಳೆಯನ್ನು 1984ರಲ್ಲಿ ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನಾ ಸಂಸ್ಥೆ ಭಾರತಕ್ಕೆ ತಂದಿತು. 2000ದ ಆಸುಪಾಸಿನಲ್ಲಿ ಒಪ್ಪಂದದ ಕೃಷಿ ಶುರುವಾಯಿತು. ಬಿದಿರಿನ ತೆಪ್ಪಕ್ಕೆ ಹಗ್ಗ ಬಿಗಿದು, ಹಗ್ಗಕ್ಕೆ ಕಳೆಯ ತುಂಡು ಕಟ್ಟಿ ತೇಲಬಿಟ್ಟರೆ ಸುಮಾರು 45 ದಿನಕ್ಕೆ ಕಟಾವು. ಬೀಜ ಬೇಡ, ಗೊಬ್ಬರ ಬೇಡ, ಸಿಹಿನೀರು ಬೇಡ. ನಮ್ಮ ಕಬ್ಬಿನ ಹನ್ನೆರಡು ತಿಂಗಳ ಕಾಯುವಿಕೆ ನೆನೆದರೆ ಹೊಟ್ಟೆಕಿಚ್ಚಾಗುವಂಥ ಬೆಳೆ.

ಹಸಿ ಕಳೆಯ ತೂಕದಲ್ಲಿ ಶೇ 90ರಷ್ಟು ನೀರೇ. ಇದನ್ನು ಅರೆದು ಹಿಂಡಿದರೆ ಬರುವ ರಸವೇ ನಮ್ಮ ಡಬ್ಬದ ದ್ರಾವಣ. ಉಳಿದ ಹಿಂಡಿ ಕ್ಯಾರಗೀನನ್ ಎಂಬ ಇನ್ನೊಂದು ಲೋಳೆಪದಾರ್ಥದ ಕಾರ್ಖಾನೆಗೆ ಹೋಗುತ್ತದೆ. ಒಂದೇ ಬೆಳೆಯಿಂದ ಎರಡು ಆದಾಯ ತೆಗೆಯುವ ಈ ದಾರಿಯನ್ನು ಕಂಡುಹಿಡಿದದ್ದೂ ಅದೇ ಭಾವನಗರದ ಸಂಸ್ಥೆ. ಆಸ್ಕೊಫಿಲ್ಲಮ್‌ನದು ಬೇರೆ ದಾರಿ: ಸಾಮಾನ್ಯವಾಗಿ ಒಣಕಳೆಯನ್ನು ಪೊಟ್ಯಾಷಿಯಂ ಹೈಡ್ರಾಕ್ಸೈಡಿನಂಥ ಕ್ಷಾರದಲ್ಲಿ ಬೇಯಿಸಿ ಕರಗಿಸುತ್ತಾರೆ. ಹಾಗಾಗಿ ಆ ಕಪ್ಪು ಪುಡಿಯ ಲೇಬಲ್ಲಿನಲ್ಲಿ ಕಾಣುವ ಪೊಟ್ಯಾಷಿನ ಒಂದು ಪಾಲು ಕಳೆಯದಲ್ಲ, ಕಾರ್ಖಾನೆಯದು. ಈ ಸಂಗತಿ ಅಂಗಡಿಯವರಿಗೂ ಸಾಮಾನ್ಯವಾಗಿ ಗೊತ್ತಿರುವುದಿಲ್ಲ.

ಪರಿಸರಕ್ಕೆ ಇದು ಪೂರ್ತಿ ನಿರುಪದ್ರವಿಯೇ? ಅಲ್ಲ. ತೆಪ್ಪದಿಂದ ತಪ್ಪಿಸಿಕೊಂಡ ಕಪ್ಪಾಫೈಕಸ್ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳದ ಮೇಲೆ ಹಬ್ಬಿ ಅದನ್ನು ಮುಚ್ಚಿದ್ದನ್ನು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಡಬ್ಬದ ಮೇಲೆ ಹಸಿರೆಲೆಯ ಚಿತ್ರ ನೋಡಿ ಪುಣ್ಯ ಕಟ್ಟಿಕೊಂಡೆವು ಎಂದುಕೊಳ್ಳುವವರು ಇಷ್ಟನ್ನು ತಿಳಿದಿರಲಿ. ನನ್ನ ಮಟ್ಟಿಗೆ, ಕಾಡು ಕಳೆಯನ್ನು ಕಿತ್ತು ಮಾಡಿದ ದ್ರಾವಣಕ್ಕಿಂತ ತೆಪ್ಪದಲ್ಲಿ ಬೆಳೆದದ್ದೇ ಮೇಲು.

ಅಂಗಡಿಯಲ್ಲಿ

ಮೊದಲು ಡಬ್ಬವನ್ನು ತಿರುಗಿಸಿ ಹಿಂಬದಿ ಓದಿ. ಮುಂಭಾಗದಲ್ಲಿ ಅಲೆ, ಸೂರ್ಯ, ತೆನೆ ಎಲ್ಲ ಇರುತ್ತವೆ; ಅವು ಓದುವುದಕ್ಕಲ್ಲ.

1985ರ ರಸಗೊಬ್ಬರ (ನಿಯಂತ್ರಣ) ಆದೇಶಕ್ಕೆ 2021ರ ಫೆಬ್ರವರಿಯಲ್ಲಿ ತಿದ್ದುಪಡಿ ತಂದು ಬಯೋಸ್ಟಿಮ್ಯುಲೆಂಟ್‌ಗಳನ್ನು, ಅಂದರೆ ಜೈವಿಕ ಚೋದಕಗಳನ್ನು, ಅದರ ಆರನೇ ಅನುಸೂಚಿಗೆ ಸೇರಿಸಿದರು. ಕಡಲಕಳೆಯ ಸಾರ ಬರುವುದು ಈ ವರ್ಗದಲ್ಲಿ. ಅಲ್ಲಿಯವರೆಗೆ ಟಾನಿಕ್‌ಗಳಿಗೆ ಹೇಳುವವರು ಕೇಳುವವರು ಇರಲಿಲ್ಲ. ಆಮೇಲೆ ಕೆಲವು ವರ್ಷ ತಾತ್ಕಾಲಿಕ ಪ್ರಮಾಣಪತ್ರದ ಮೇಲೆ ವ್ಯಾಪಾರ ನಡೆಯಿತು. ಆ ಅವಧಿ 2025ರ ಜೂನ್‌ನಲ್ಲಿ ಮುಗಿದಿದೆ. ಆದ್ದರಿಂದ ಹಳೆಯ ದಾಸ್ತಾನನ್ನು ರಿಯಾಯಿತಿ ದರದಲ್ಲಿ ಕೊಡುತ್ತೇವೆ ಎಂದರೆ ಎರಡು ಸಲ ಯೋಚಿಸಿ, ಲೇಬಲ್ಲಿನ ಮೇಲೆ ಆ ಆದೇಶದ ಉಲ್ಲೇಖವಿದೆಯೇ ನೋಡಿ. ಅನುಮಾನವಿದ್ದರೆ ಡಬ್ಬದ ನಾಲ್ಕೂ ಬದಿಯ ಫೋಟೊ ತೆಗೆದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ ಕೇಳುವುದಕ್ಕೆ ಕಾಸು ಖರ್ಚಿಲ್ಲ.

ಜೈವಿಕ ಚೋದಕದಲ್ಲಿ ಕೀಟನಾಶಕದ ಅಂಶ 0.01 ಪಿಪಿಎಂ (ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು) ಮೀರಬಾರದು ಎಂಬ ಷರತ್ತೂ ಅದೇ ನಿಯಮದಲ್ಲಿದೆ. “ಇದು ಹೊಡೆದರೆ ಹುಳವೂ ಹೋಗುತ್ತದೆ” ಎಂದು ಮಾರುವವರ ಡಬ್ಬದಲ್ಲಿ ಕಳೆಯ ಜತೆ ಇನ್ನೇನೋ ಇದೆ ಎಂದೇ ಅರ್ಥ. ಅದನ್ನು ಅಲ್ಲೇ ಇಟ್ಟು ಬನ್ನಿ.

ಲೇಬಲ್ಲಿನಲ್ಲಿ ಕಳೆಯ ಜಾತಿಯ ಹೆಸರು, ಸಾರದ ಶೇಕಡಾ ಪ್ರಮಾಣ, ತಯಾರಾದ ದಿನಾಂಕ, ಅವಧಿ ಮುಗಿಯುವ ದಿನಾಂಕ, ಬ್ಯಾಚ್ ಸಂಖ್ಯೆ, ಯಾವ ಬೆಳೆಗೆ ಎಷ್ಟು ಎಂಬ ವಿವರ, ಇಷ್ಟೂ ಇರಬೇಕು. ಬರೀ ‘ಸಮುದ್ರಜನ್ಯ ಸಾರ’ ಎಂದಷ್ಟೇ ಬರೆದದ್ದಕ್ಕೆ ದುಡ್ಡು ಕೊಡಬೇಡಿ. ಬಿಲ್ಲು ಕೇಳಿ ಪಡೆಯಿರಿ; ಸಾಲದ ಚೀಟಿ ಬಿಲ್ಲಲ್ಲ.

ಮನೆಯಲ್ಲಿ ಮಾಡಬಹುದಾದ ಒಂದು ಒರಟು ಪರೀಕ್ಷೆಯೂ ಇದೆ. ಕಡಲಕಳೆಯ ಹೆಸರಿನಲ್ಲಿ ಅಗ್ಗದ ಹ್ಯೂಮೇಟ್, ಅಂದರೆ ಹ್ಯೂಮಿಕ್ ಆಮ್ಲದ ಲವಣ, ತುಂಬುವುದುಂಟು, ಎರಡೂ ಕಪ್ಪಗಿರುವುದರಿಂದ ಗೊತ್ತಾಗುವುದಿಲ್ಲ. ಗಾಜಿನ ಲೋಟದಲ್ಲಿ ಅರ್ಧ ನೀರು ಹಾಕಿ, ಒಂದು ಚಮಚ ದ್ರಾವಣ ಬೆರೆಸಿ, ನಿಂಬೆಹಣ್ಣು ಹಿಂಡಿ ರಾತ್ರಿಯಿಡೀ ಬಿಡಿ. ಹ್ಯೂಮಿಕ್ ಆಮ್ಲವಿದ್ದರೆ ಹುಳಿಗೆ ಒಡೆದು ತಳದಲ್ಲಿ ಕಪ್ಪು ಗಷ್ಟು ಕೂರುತ್ತದೆ. ಕ್ಷಾರದಲ್ಲಿ ಬೇಯಿಸಿದ ಕಂದು ಕಳೆಯೂ ಹುಳಿಗೆ ಸ್ವಲ್ಪ ಒಡೆಯುತ್ತದೆ, ಆದರೆ ಅದು ಲೋಳೆಯಂತೆ ಇರುತ್ತದೆ. ಹ್ಯೂಮಿಕ್ ಬೆರೆಸುವುದು ಅಪರಾಧವಲ್ಲ, ಬೆರೆಸಿದ್ದನ್ನು ಲೇಬಲ್ಲಿನಲ್ಲಿ ಬರೆಯದಿರುವುದು ಮೋಸ. ಈ ಲೋಟದ ಪರೀಕ್ಷೆಯಿಂದ ಅಂಗಡಿಯವರ ಮೇಲೆ ದೂರು ಕೊಡಲಾಗದು. ಮುಂದಿನ ಸಲ ಬೇರೆ ಡಬ್ಬ ಕೊಳ್ಳಬಹುದು.

ಯಾವ ಬೆಳೆಗೆ, ಯಾವಾಗ

ಚೆನ್ನಾಗಿ ಗೊಬ್ಬರ ಉಂಡು, ಹೊತ್ತಿಗೆ ಸರಿಯಾಗಿ ನೀರು ಕುಡಿದ ಬೆಳೆಯಲ್ಲಿ ಈ ದ್ರಾವಣದ ಗುಣ ಕಾಣುವುದು ಕಡಿಮೆ. ಬರ, ಬಿಸಿಲು, ಚೌಳು, ನಾಟಿಯ ಬಳಲಿಕೆ ಇಂಥ ಸಂಕಟಗಳಲ್ಲಿ ಅದು ಕೆಲಸಕ್ಕೆ ಬರುತ್ತದೆ. ಅಂದರೆ ನಾಲೆಯ ಮೇಲ್ಭಾಗದವರಿಗಿಂತ, ಕಟ್ಟುನೀರಿನ ಸರದಿ ಕಾದು ಕೂರುವ ಕೊನೆಭಾಗದವರಿಗೆ ಇದರಿಂದ ಲಾಭವಾಗುವ ಸಂಭವ ಹೆಚ್ಚು. ವಿಚಿತ್ರವೆಂದರೆ ಮಾರಾಟ ಜಾಸ್ತಿ ಇರುವುದು ಮೇಲ್ಭಾಗದ ಊರುಗಳಲ್ಲಿ, ಕೈಯಲ್ಲಿ ದುಡ್ಡಿರುವ ಕಡೆ.

ಭತ್ತಕ್ಕೆ ತೆಂಡೆ ಒಡೆಯುವಾಗ ಒಮ್ಮೆ, ಹೊಡೆ ಕಟ್ಟುವ ಮುನ್ನ ಒಮ್ಮೆ. ಹೂವಾದ ಮೇಲೆ ಹೊಡೆದದ್ದು ಹೆಚ್ಚಾಗಿ ದಂಡ. ಕಬ್ಬಿನಲ್ಲಿ ನಾಟಿಗೆ ಮುನ್ನ ಬಿತ್ತನೆ ತುಂಡುಗಳನ್ನು ಅದ್ದಿ ನೆಡುವುದು ನನಗೆ ಹೆಚ್ಚು ಒಪ್ಪಿಗೆಯಾದ ಕ್ರಮ. ಕಡಿಮೆ ದ್ರಾವಣ ಸಾಕು, ಮೊಳಕೆ ಒಡೆಯುವ ಹೊತ್ತಿಗೆ ನೇರವಾಗಿ ಸಿಗುತ್ತದೆ. ಆಮೇಲೆ ತೆಂಡೆ ಬರುವ ಕಾಲದಲ್ಲಿ ಒಂದು ಸಿಂಪಡಣೆ. ಆಳೆತ್ತರ ಬೆಳೆದ ಕಬ್ಬಿನೊಳಗೆ ಕ್ಯಾನ್ ಹೊತ್ತು ನುಗ್ಗುವುದು ವ್ಯರ್ಥ ಸಾಹಸ. ಟೊಮೆಟೊ, ಬದನೆಗೆ ಹೂವಿಗೆ ಮುನ್ನ. ರಾಗಿಗೆ ಮಳೆ ಕೈಕೊಟ್ಟು ಬಾಡುವ ಮೊದಲೇ ಹೊಡೆದರೆ ಉಪಯೋಗ. ಪೂರ್ತಿ ಬಾಡಿದ ಮೇಲೆ ಯಾವ ಕಡಲೂ ಉಳಿಸದು.

ಹಿಪ್ಪುನೇರಳೆ ಇರುವವರು ಎಚ್ಚರವಾಗಿರಿ. ಎಲೆಯನ್ನು ನೇರ ಹುಳಕ್ಕೆ ಹಾಕುವುದರಿಂದ, ಕೀಟನಾಶಕ ಕಂಡಿದ್ದ ಕ್ಯಾನಿನಲ್ಲಿ ಈ ದ್ರಾವಣ ಕಲಸಿ ಹೊಡೆದರೆ ಸಾಕಣೆಮನೆ ಖಾಲಿಯಾಗುತ್ತದೆ. ಬೇರೆ ಕ್ಯಾನ್ ಇಡಿ. ಹೊಡೆದ ಮೇಲೆ ಎಲೆ ಕೊಯ್ಯಲು ಎಷ್ಟು ದಿನ ಬಿಡಬೇಕು ಎಂಬುದನ್ನು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯವರನ್ನು ಕೇಳಿಯೇ ನಿರ್ಧರಿಸಿ.

ಕಲಸುವುದು, ಹೊಡೆಯುವುದು

ಲೇಬಲ್ಲಿನ ಪ್ರಮಾಣವೇ ಅಂತಿಮ. ಲೀಟರಿಗೆ 2.5 ಮಿ.ಲೀ. ಎಂದಿದ್ದರೆ 15 ಲೀಟರಿನ ಕ್ಯಾನಿಗೆ 37.5 ಮಿ.ಲೀ. ಮುಚ್ಚಳದಲ್ಲಿ ಅಂದಾಜಿಗೆ ಸುರಿಯಬೇಡಿ. ಔಷಧಿ ಅಂಗಡಿಯಲ್ಲಿ ಸಿಗುವ ಅಳತೆಯ ಲೋಟ ಅಥವಾ ಸಿರಿಂಜ್ ಸಾಕು. ಚೋದಕಗಳ ವಿಷಯದಲ್ಲಿ ಎರಡರಷ್ಟು ಹಾಕಿದರೆ ಎರಡರಷ್ಟು ಫಲ ಬರುವುದಿಲ್ಲ. ಮಿತಿ ಮೀರಿದರೆ ಬೆಳವಣಿಗೆಯೇ ಕುಗ್ಗುವುದುಂಟು.

ಗಡಸು ಬೋರ್‌ವೆಲ್ ನೀರಿಗಿಂತ ಬಟ್ಟೆಯಲ್ಲಿ ಸೋಸಿದ ನಾಲೆ ನೀರು ಮೇಲು. ಮೊದಲು ಕ್ಯಾನಿಗೆ ಅರ್ಧ ನೀರು, ಆಮೇಲೆ ಡಬ್ಬವನ್ನು ಚೆನ್ನಾಗಿ ಕುಲುಕಿ ದ್ರಾವಣ, ಆಮೇಲೆ ಉಳಿದ ನೀರು. ಬೇರೆ ಔಷಧಿಯೊಡನೆ ಬೆರೆಸುವ ಆಸೆಯಿದ್ದರೆ ಮುಂಚೆ ಸೀಸೆಯಲ್ಲಿ ಅದೇ ಪ್ರಮಾಣದಲ್ಲಿ ಕಲಸಿ ಅರ್ಧ ಗಂಟೆ ನೋಡಿ. ಒಡೆದರೆ, ಬಿಸಿಯಾದರೆ, ತಳ ಕಟ್ಟಿದರೆ ಕ್ಯಾನಿಗೆ ಹಾಕಬೇಡಿ. ಕ್ಷಾರದಲ್ಲಿ ತಯಾರಾದ ಕಪ್ಪು ಪುಡಿಯನ್ನು ತಾಮ್ರದ ಶಿಲೀಂಧ್ರನಾಶಕದೊಡನೆ ಬೆರೆಸದಿರುವುದೇ ಒಳಿತು.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಅಥವಾ ಸಂಜೆ ನಾಲ್ಕರ ನಂತರ ಹೊಡೆಯಿರಿ. ನಾಜಲ್ ಮಂಜಿನಂತೆ ಬೀಳಬೇಕು, ತೊಟ್ಟಿಕ್ಕಬಾರದು.

ಡ್ರೋನ್ ಕರೆಸುವವರಿಗೆ ಒಂದು ಮಾತು. ಕ್ಯಾನಿನಲ್ಲಾದರೆ ಎಕರೆಗೆ 200 ಲೀಟರ್ ನೀರು, ಡ್ರೋನಿನಲ್ಲಿ ಸುಮಾರು 10. ಲೀಟರಿಗೆ 2.5 ಮಿ.ಲೀ. ಎಂಬ ಲೆಕ್ಕವನ್ನೇ ಇಟ್ಟರೆ ಎಕರೆಗೆ ಬೀಳುವುದು 25 ಮಿ.ಲೀ., ಲೆಕ್ಕಕ್ಕಿಲ್ಲ. ಎಕರೆಯ ಪೂರ್ತಿ ಅರ್ಧ ಲೀಟರನ್ನು 10 ಲೀಟರಿಗೆ ಹಾಕಿದರೆ ಇಪ್ಪತ್ತು ಪಟ್ಟು ಗಾಢ. ಡ್ರೋನಿಗೆಂದೇ ಪ್ರಮಾಣ ಬರೆದಿಲ್ಲದ ಡಬ್ಬವನ್ನು ಡ್ರೋನಿಗೆ ಕೊಡಬೇಡಿ.

ಪಟ್ಟಿ ಬಿಟ್ಟು ಪರೀಕ್ಷಿಸುವುದು

ಈ ಬರಹದಲ್ಲಿ ಒಂದೇ ಒಂದು ಭಾಗ ಓದಿ ಎಂದರೆ ಇದನ್ನು ಓದಿ ಎನ್ನುತ್ತೇನೆ. “ಹೊಡೆದೆ, ಪೈರು ಹಸಿರಾಗಿ ಬಂತು” ಎಂಬ ಮಾತಿಗೆ ಬೆಲೆಯಿಲ್ಲ. ಆ ವಾರ ಮಳೆ ಬಂದಿದ್ದರೂ, ಮೇಲುಗೊಬ್ಬರ ಹಾಕಿದ್ದರೂ ಹಸಿರಾಗುತ್ತಿತ್ತು. ಹೊಡೆಯದ ಜಾಗ ಪಕ್ಕದಲ್ಲಿಯೇ ಇಲ್ಲದಿದ್ದರೆ ಹೋಲಿಸುವುದು ಯಾವುದರೊಂದಿಗೆ?

ಒಂದು ಗುಂಟೆ ಎಂದರೆ 33 ಅಡಿ ಉದ್ದ 33 ಅಡಿ ಅಗಲ. ಒಂದೇ ತಳಿ, ಒಂದೇ ದಿನ ನಾಟಿ ಮಾಡಿದ ಗದ್ದೆಯಲ್ಲಿ ಒಂದೊಂದು ಗುಂಟೆಯ ಆರು ತುಂಡು ಗುರುತಿಸಿ. ಮೂರಕ್ಕೆ ದ್ರಾವಣ, ಮೂರಕ್ಕೆ ಬರೀ ನೀರು, ಒಂದು ಬಿಟ್ಟು ಒಂದು. ಬರೀ ನೀರನ್ನೂ ಹೊಡೆಯಲೇಬೇಕು. ಇಲ್ಲದಿದ್ದರೆ ಒಣಗಿದ ದಿನಗಳಲ್ಲಿ ಎಲೆಗೆ ಬಿದ್ದ ನೀರಿನ ಗುಣವೂ ಡಬ್ಬದ ಲೆಕ್ಕಕ್ಕೆ ಸೇರುತ್ತದೆ. ಎಕರೆಗೆ 200 ಲೀಟರಿನಂತೆ ಗುಂಟೆಗೆ 5 ಲೀಟರ್, ಮೂರು ಗುಂಟೆಗೆ ಸರಿಯಾಗಿ ಒಂದು ಕ್ಯಾನ್. ಮೊದಲು ನೀರಿನ ಕ್ಯಾನ್, ಆಮೇಲೆ ದ್ರಾವಣದ ಕ್ಯಾನ್.

ನೀರು ಬರುವ ಮಡೆಯ ಬಳಿ ಪೈರು ಒಂದು ಬಗೆ, ಬಸಿಯುವ ತುದಿಯಲ್ಲಿ ಇನ್ನೊಂದು ಬಗೆ ಇರುತ್ತದೆ. ಮೂರು ದ್ರಾವಣದ ತುಂಡುಗಳೂ ಮಡೆಯ ಬಳಿಯೇ ಬಿದ್ದರೆ ಫಲಿತಾಂಶ ಮೊದಲೇ ಬರೆದಿಟ್ಟಂತೆ. ಹಾಗಾಗದಂತೆ ಹಂಚಿ. ಮೂಲೆಗಳಲ್ಲಿ ಬಣ್ಣದ ಬಟ್ಟೆ ಕಟ್ಟಿದ ಕಡ್ಡಿ ನೆಡಿ. ಯಾವ ಬಣ್ಣ ಯಾವುದು ಎಂಬುದನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಆದರೆ ಕಟಾವಿಗೆ ಬರುವವರಿಗೆ ಹೇಳಬೇಡಿ. ಹೇಳಿದರೆ ನಿಮ್ಮ ಮೇಲಿನ ಪ್ರೀತಿಗೆ ತೂಕವೂ ಜಾಸ್ತಿ ಬರುತ್ತದೆ.

ಕಟಾವಿನಲ್ಲಿ ಗುಂಟೆಯ ಅಂಚು ಬಿಟ್ಟು ನಡುವಿನ 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕವನ್ನಷ್ಟೇ ಕೊಯ್ಯಿರಿ. ಭತ್ತದ ಬೆಳೆ ಕಟಾವು ಪ್ರಯೋಗಕ್ಕೆ ಸರ್ಕಾರಿ ಸಿಬ್ಬಂದಿ ಬಂದು ಅಳೆಯುವುದೂ ಇಷ್ಟೇ ಜಾಗವನ್ನು. ಪ್ರತ್ಯೇಕವಾಗಿ ಬಡಿದು, ಜೊಳ್ಳು ತೂರಿ, ಆರೂ ಭತ್ತವನ್ನು ಒಂದೇ ಅಂಗಳದಲ್ಲಿ ಒಂದೇ ಬಿಸಿಲಿಗೆ ಒಣಗಿಸಿ, ಆಮೇಲೆ ತೂಗಿ.

ಈಗ ಲೆಕ್ಕ. ಅರ್ಧ ಲೀಟರ್ ದ್ರಾವಣಕ್ಕೆ 300 ರೂಪಾಯಿ, ಹೊಡೆಯುವ ಕೂಲಿ 500 ಎಂದುಕೊಳ್ಳೋಣ. ಎರಡು ಸಲಕ್ಕೆ ಎಕರೆಗೆ 1,600 ರೂಪಾಯಿ. 2025–26ರ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಅಂದರೆ ಹಾಕಿದ ದುಡ್ಡು ಮರಳಲು ಎಕರೆಗೆ 68 ಕಿಲೋ ಹೆಚ್ಚುವರಿ ಭತ್ತ ಬರಬೇಕು. ನಿಮ್ಮ 5 ಮೀಟರ್ ಚೌಕಕ್ಕೆ ಇದನ್ನು ಇಳಿಸಿದರೆ ಸುಮಾರು 420 ಗ್ರಾಂ.

ಎಕರೆಗೆ 25 ಕ್ವಿಂಟಲ್ ಬರುವ ಗದ್ದೆಯಲ್ಲಿ ಆ ಚೌಕದ ಭತ್ತ ಹದಿನೈದೂವರೆ ಕಿಲೋದಷ್ಟು ತೂಗುತ್ತದೆ. ಅದರಲ್ಲಿ 420 ಗ್ರಾಂ ಎಂದರೆ ಶೇ 3ಕ್ಕಿಂತ ಕಡಿಮೆ. ತೇವಾಂಶದಲ್ಲಿ ಶೇ 1ರ ವ್ಯತ್ಯಾಸವಿದ್ದರೆ 150 ಗ್ರಾಂ ಅಲ್ಲಿಯೇ ಹೋಯಿತು. ಬದುವಿನಿಂದ ನಿಂತು ನೋಡುವ ಯಾರ ಕಣ್ಣಿಗೂ ಇಷ್ಟು ಸಣ್ಣ ವ್ಯತ್ಯಾಸ ಕಾಣುವುದಿಲ್ಲ, ನಮ್ಮ ಹಿರಿಯರ ಕಣ್ಣಿಗೂ. ಆದ್ದರಿಂದಲೇ ಮೂರು ಮೂರು ತುಂಡು. ದ್ರಾವಣದ ಮೂರೂ ತುಂಡುಗಳು ನೀರಿನ ಮೂರಕ್ಕಿಂತಲೂ ಮೇಲಿದ್ದು, ಸರಾಸರಿ ವ್ಯತ್ಯಾಸ 420 ಗ್ರಾಂ ದಾಟಿದರೆ ಮುಂದಿನ ಬೆಳೆಗೆ ಧೈರ್ಯವಾಗಿ ಕೊಳ್ಳಿ. ಒಂದು ಮೇಲೆ, ಒಂದು ಕೆಳಗೆ ಎಂದು ಬೆರಕೆಯಾಗಿ ಬಂದರೆ ಡಬ್ಬ ಕೆಲಸ ಮಾಡಿತು ಎನ್ನಲಾಗದು. ಇನ್ನೊಂದು ಹಂಗಾಮು ನೋಡಿ, ಅಲ್ಲಿಯವರೆಗೆ ಇಡೀ ಹೊಲಕ್ಕೆ ಹೊಡೆಯಬೇಡಿ. ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಈ ಆರು ತೂಕಗಳ ಚೀಟಿ ಹಿಡಿದುಕೊಂಡು ಹೋದರೆ ಮಾತುಕತೆಯ ಧಾಟಿಯೇ ಬೇರೆಯಾಗುತ್ತದೆ.

ಬೀಚಿನಿಂದ ಚೀಲ ತುಂಬಿ ತರುವವರಿಗೆ

ಮಲ್ಪೆ, ಮುರ್ಡೇಶ್ವರಕ್ಕೆ ಹೋದಾಗ ದಡಕ್ಕೆ ಬಿದ್ದ ಕಳೆ ನೋಡಿ ‘ಪುಕ್ಕಟೆ ಗೊಬ್ಬರ’ ಎಂದು ಆಸೆಯಾಗುವುದು ಸಹಜ. ಕರಾವಳಿಯಲ್ಲಿ ಅದನ್ನು ತೆಂಗಿನ ಬುಡಕ್ಕೆ ಹಾಕುವುದುಂಟು. ಅಲ್ಲಿನ ಮರಳುಮಣ್ಣು, ಭಾರೀ ಮಳೆ ಉಪ್ಪನ್ನು ತೊಳೆದುಬಿಡುತ್ತವೆ. ನಮ್ಮ ನಾಲಾ ಬಯಲಿನಲ್ಲಿ ಈಗಾಗಲೇ ಚೌಳಾದ ಜಾಗಗಳಿವೆ. ಅಲ್ಲಿಗೆ ಕಡಲಿನ ಉಪ್ಪನ್ನು ಬಾಡಿಗೆ ಕೊಟ್ಟು ತರುವುದು ಜಾಣತನವಲ್ಲ. ಬಂಡೆಯಿಂದ ಜೀವಂತ ಕಳೆ ಕೀಳುವುದಂತೂ ಬೇಡವೇ ಬೇಡ.

ನೋಡುವ ಆಸೆಯಿದ್ದರೆ ಹೋಗಿ. ಮಳೆಗಾಲದಲ್ಲಿ ಕಾಳಿ, ಶರಾವತಿ, ನೇತ್ರಾವತಿಯ ಕೆಂಪುನೀರು ಸೇರಿ ಸಮುದ್ರದ ಉಪ್ಪು ಇಳಿದಿರುತ್ತದೆ, ಅಲೆಯ ಹೊಡೆತವೂ ಹೆಚ್ಚು. ಬಹುಪಾಲು ಕಳೆ ಆಗ ಕಾಣದು. ತೆಪ್ಪದ ಕೃಷಿ ಮಂಡಪಂನಷ್ಟು ಸಲೀಸಾಗಿ ನಮ್ಮ ಕರಾವಳಿಯಲ್ಲಿ ನೆಲೆಯೂರದಿರುವುದಕ್ಕೆ ಈ ನಾಲ್ಕು ತಿಂಗಳೇ ದೊಡ್ಡ ಅಡ್ಡಿ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಇಳಿಯುತ್ತದೆ.

ಮನೆಯೊಳಗೇ ಇರುವ ಕಡಲಕಳೆ

ಮೈಸೂರಿನ ಯಾವುದೇ ಅಂಗಡಿಯಲ್ಲಿ ಐಸ್‌ಕ್ರೀಮ್ ಅಥವಾ ಚಾಕೊಲೇಟ್ ಹಾಲಿನ ಡಬ್ಬ ತಿರುಗಿಸಿ ನೋಡಿ. ಆಹಾರಕ್ಕೆ ಬೆರೆಸುವ ಪದಾರ್ಥಗಳ ಸಂಕೇತ ಸಂಖ್ಯೆಯಾದ ಐಎನ್‌ಎಸ್ 407 ಎಂದಿದ್ದರೆ ಕ್ಯಾರಗೀನನ್, ನಮ್ಮ ದ್ರಾವಣ ಹಿಂಡಿದ ಮೇಲೆ ಉಳಿದ ಆ ಹಿಂಡಿಯಿಂದಲೇ ಬರುವಂಥದ್ದು. 406 ಅಗರ್, 401 ಸೋಡಿಯಂ ಆಲ್ಜಿನೇಟ್. ಹಬ್ಬಕ್ಕೆ ಹಾಲಿನಲ್ಲಿ ಕುದಿಸಿ ಮಾಡುವ ಚೀನಾ ಗ್ರಾಸ್ ಶುದ್ಧ ಅಗರ್. ನಂಜನಗೂಡು ರಸಬಾಳೆಯ ಸಸಿಯನ್ನು ಅಂಗಾಂಶ ಕೃಷಿಯಲ್ಲಿ ಬೆಳೆಸುವಾಗ ಸೀಸೆಯ ತಳದಲ್ಲಿ ಕಾಣುವ ಗಟ್ಟಿ ಲೋಳೆಯೂ ಸಾಮಾನ್ಯವಾಗಿ ಅಗರ್. ಲೀಟರ್ ಪೋಷಕ ದ್ರವಕ್ಕೆ ಆರರಿಂದ ಎಂಟು ಗ್ರಾಂ ಸಾಕು. ಜಗತ್ತಿನಲ್ಲಿ ವರ್ಷಕ್ಕೆ ಮೂರೂವರೆ ಕೋಟಿ ಟನ್ನಿಗೂ ಹೆಚ್ಚು ಹಸಿ ಕಡಲಕಳೆ ತೆಗೆಯುತ್ತಾರೆ. ಅದರಲ್ಲಿ ಬಹುತೇಕ ಎಲ್ಲವೂ ಕೃಷಿಯದೇ, ಚೀನಾ ಮತ್ತು ಇಂಡೊನೇಷ್ಯಾ ಮುಂದಿವೆ. ನಮ್ಮ ದೇಶದ ಪಾಲು ಬಹಳ ಚಿಕ್ಕದು.

ಬೋರ್‌ವೆಲ್ ಹೊಂಡದಲ್ಲಿ ಕಡಲಕಳೆ?

ಕೃಷಿಹೊಂಡದಲ್ಲಿ ಕಡಲಕಳೆ ಬೆಳೆಸಿ ಲಕ್ಷ ಗಳಿಸಿ, ಬಿತ್ತನೆ ನಮ್ಮದು, ಖರೀದಿಯೂ ನಮ್ಮದು ಎಂದು ಬರುವವರಿಗೆ ಮುಂಗಡ ಕೊಡುವ ಮೊದಲು ಒಂದು ಗುಣಾಕಾರ ಮಾಡಿ. ಕಪ್ಪಾಫೈಕಸ್‌ಗೆ ಲೀಟರಿಗೆ 30 ಗ್ರಾಂ ಆಸುಪಾಸಿನ ಉಪ್ಪಿರುವ ನೀರು ಬೇಕು. ಅರ್ಧ ಎಕರೆಯ, ನಾಲ್ಕಡಿ ಆಳದ ಹೊಂಡಕ್ಕೆ ಅಷ್ಟು ಉಪ್ಪು ಸೇರಿಸಬೇಕೆಂದರೆ 70 ಟನ್ನಿಗೂ ಹೆಚ್ಚು. ಹೊಂಡ ಸೋರಿದರೆ ಪಕ್ಕದವರ ಗದ್ದೆಯೂ ಹೋಯಿತು.

ಒಳನಾಡಿನ ತೊಟ್ಟಿಯಲ್ಲಿ ಬೆಳೆಸಬಹುದಾದದ್ದು ಸ್ಪಿರುಲಿನಾ. ಅದು ಕಡಲಕಳೆಯಲ್ಲ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ನೀಲಿಹಸಿರು ಪಾಚಿ. ಸೋಡಾ ಬೆರೆಸಿದ ಕ್ಷಾರದ ನೀರು ಅದಕ್ಕೆ ಹಿತ. ಆಸಕ್ತಿಯಿದ್ದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ವಿಚಾರಿಸಬಹುದು, ಸ್ಪಿರುಲಿನಾದ ಮೇಲೆ ಅಲ್ಲಿ ದೀರ್ಘಕಾಲದ ಕೆಲಸ ನಡೆದಿದೆ. ನಿಜವಾದ ಕಡಲಕಳೆ ಕೃಷಿಯನ್ನೇ ಕಣ್ಣಾರೆ ಕಾಣಬೇಕೆಂದರೆ ಮಂಡಪಂಗೆ ಹೋಗಬೇಕು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಅಲ್ಲಿದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಕಡಲಕಳೆಗೆಂದು 640 ಕೋಟಿ ರೂಪಾಯಿ ತೆಗೆದಿರಿಸಿದ್ದು ಹೌದು, ಆದರೆ ತೆಪ್ಪಕ್ಕೆ ಸಹಾಯಧನ ಸಿಗುವುದು ಕಡಲು ಇರುವ ಊರಿನವರಿಗೆ. ಆ ಯೋಜನೆಯ ಹೆಸರು ಹೇಳಿಕೊಂಡು ನಾಗಮಂಗಲದಲ್ಲಿ ಯಾರಾದರೂ ಅರ್ಜಿ ನಮೂನೆ ಹಂಚುತ್ತಿದ್ದರೆ ಆಧಾರ್ ನಕಲು ಕೊಡದೆ ಕಳಿಸಿ.